ದೋಣಿ ಹಾಡಿನ ಪರ ಇದ್ದವಳು

ಅಕ್ಕನ ಮುಂದಿನ ಹಲ್ಲೊಂದರ ಮೂಲೆ ಮುರಿದಿತ್ತು. ವಾದದಲ್ಲಿ ತಾನು ಗೆಲ್ಲುತ್ತಿದ್ದೇನೆ ಅನ್ನಿಸಿದ ಕೂಡಲೇ ನಾಲಿಗೆಯ ತುದಿ ಆ ಸಂದಿಗೆ ಬಂದು ಕೂರುತ್ತಿತ್ತು. ಆ ಗುರುವಾರ ಬೆಳಿಗ್ಗೆಯೂ ಹಾಗೇ ಕೂತಿತ್ತು. ಅಂಗನವಾಡಿಗೆ ಒಯ್ಯುವ ಮೊಟ್ಟೆಗಳ ಟ್ರೇಯನ್ನು ಅವಳು ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು, ಬಾಗಿಲ ಚೌಕಟ್ಟಿಗೆ ಭುಜ ಆನಿಸಿ ನಿಂತು, ಬಳೆ ಅಂಗಡಿಯವಳ ಜೊತೆ ಜಗಳಕ್ಕಿಳಿದಿದ್ದಳು.

ಅಕ್ಕ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಕುಕನೂರಿನಲ್ಲಿ ನಮ್ಮ ಎರಡು ಸಂಸಾರಕ್ಕೂ ಒಂದೇ ಅಂಗಳ. ಅವಳು ಅಂಗನವಾಡಿ ಟೀಚರ್. ನಾನು ಬೀದಿ ಕಡೆಯ ಕೋಣೆಯಲ್ಲಿ ಮಷೀನು ಹಾಕಿಕೊಂಡು ರವಿಕೆ ಹೊಲಿಯುವವಳು.

"ಕಾಗದ ಸುಡೋ ಹಾಡು ನಂಬರ್ ಒನ್ ಆಗಿದ್ದು ಹೀರೋಯಿನ್ ಅತ್ತಿದ್ದಕ್ಕ. ಹಾಡಿನಿಂದ ಅಲ್ಲ," ಅಂದಳು ಅಕ್ಕ.

ಬಳೆ ಅಂಗಡಿಯವಳು ಹುಕ್ಕು ಹಚ್ಚಿಸಲು ಬಂದವಳು, ಹುಕ್ಕಿನ ವಿಷಯ ಮರೆತೇಬಿಟ್ಟಿದ್ದಳು. "ಟೀಚರ್ರ, ನಿಮ್ಮ ದೋಣಿಯಾಂವ ಸಮುದ್ರದಾಗ ಒಬ್ಬನ ಹೋಗಿ ಅತ್ತರ ಯಾರಿಗೆ ಗೊತ್ತಾಗಬೇಕ್ರಿ? ಮೀನಿಗೇನು?"

ನಾನು ಮಷೀನು ನಿಲ್ಲಿಸಿ ಅಕ್ಕನ ಕಡೆ ತಿರುಗಿ ಅದನ್ನೇ ದೊಡ್ಡ ದನಿಯಲ್ಲಿ ಮತ್ತೊಮ್ಮೆ ಹೇಳಿದೆ. "ಕೇಳಿದೇನಕ್ಕಾ? ನಿನ್ನ ದೋಣಿಯಾಂವ ಅತ್ತರ ಮೀನಿಗೆ ಗೊತ್ತಾಗಬೇಕೇನು ಅಂತಾಳ."

ಅಕ್ಕನ ನಾಲಿಗೆ ಹಲ್ಲಿನ ಸಂದಿಗೆ ಬಂತು. "ಮಂದಿ ಮುಂದ ಕುಂತು ಅತ್ತರ ಅದು ಅಳು ಅಲ್ಲಬೇ, ಪಂಚಾಯ್ತಿ!"

ಬಳೆ ಅಂಗಡಿಯವಳು ಬಿದ್ದು ಬಿದ್ದು ನಕ್ಕಳು. ಅಕ್ಕ ಅವಳ ಮುಖ ನೋಡಿ ತಾನೂ ನಕ್ಕಳು. ಆಮೇಲೆ ಟ್ರೇ ಎತ್ತಿಕೊಂಡು, "ಹುಡುಗರು ಕಾಯ್ತಾವ. ಸಂಜಿಗೆ ಬಂದು ಉಳಿದ ಉತ್ತರ ಕೊಡ್ತೀನಿ ನಿಮಗ," ಅಂತ ಬೀದಿಗಿಳಿದಳು. ಹನ್ನೊಂದು ಗಂಟೆಯ ಹೊತ್ತಿಗೆ ಅವಳು ಬದುಕಿರಲಿಲ್ಲ.

ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಅದು ಗೊತ್ತಿದ್ದವಳು ನಾನೊಬ್ಬಳೇ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೆ.

ಮೊದಲಿಂದ ಹೇಳುತ್ತೇನೆ. ನಾವಿಬ್ಬರೂ ಒಂದು ವರ್ಷದ ಅಂತರದಲ್ಲಿ ಈ ಮನೆಗೆ ಬಂದವರು. ಅವಳು ಗಂಗಾವತಿಯವಳು. ತವರಿನಲ್ಲಿ ಟಿವಿ, ಕೇಬಲ್ಲು, ಟೇಪ್ ರೆಕಾರ್ಡರು ಎಲ್ಲ ಇದ್ದವು. ವಾರಕ್ಕೊಮ್ಮೆ ಬರುತ್ತಿದ್ದ ಹತ್ತು ಹಾಡುಗಳ ಕಾರ್ಯಕ್ರಮವನ್ನು ಅಣ್ಣಂದಿರ ಜೊತೆ ಕೂತು ನೋಡಿ, ಯಾವ ಹಾಡು ಮೇಲೆ ಹೋಯಿತು, ಯಾವುದು ಕೆಳಗಿಳಿಯಿತು ಅಂತ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು. ನಾನು ಯಲಬುರ್ಗಾ ಕಡೆಯ ಹಳ್ಳಿಯವಳು. ನಮ್ಮಲ್ಲಿದ್ದದ್ದು ಒಂದು ರೇಡಿಯೋ, ಅದೂ ದೊಡ್ಡಪ್ಪನ ಮನೆಯದು.

ಹಾಡಿನ ಮೊದಲ ಸಾಲು ಹೇಳುವ ರೂಢಿ ನಮ್ಮಿಬ್ಬರಲ್ಲಿ ಇರಲಿಲ್ಲ. ಹಾಡಿನಲ್ಲಿ ಕಂಡ ಚಿತ್ರವೇ ಅದರ ಹೆಸರು. ಅವಳದು ದೋಣಿ ಹಾಡು. ಹಿಂದಿಯದು, ಸಿನಿಮಾದ್ದಲ್ಲ, ಕ್ಯಾಸೆಟ್ಟಿನಲ್ಲಿ, ಟಿವಿಯಲ್ಲಿ ಬಂದದ್ದು. ಒಬ್ಬ ಗಂಡಸು ಹುಟ್ಟು ಹಾಕುತ್ತಾ ಬಿಟ್ಟುಹೋದವಳನ್ನು ನೆನೆಯುತ್ತಾನೆ, ಅಷ್ಟೇ. ನನ್ನದು ಕಾಗದ ಸುಡುವ ಹಾಡು. ಕನ್ನಡ ಸಿನಿಮಾದ್ದು. ಹೆಂಗಸೊಬ್ಬಳು ಒಲೆಯ ಮುಂದೆ ಕೂತು ಹಳೆಯ ಪತ್ರಗಳನ್ನು ಒಂದೊಂದಾಗಿ ಬೆಂಕಿಗೆ ಹಾಕುತ್ತಾಳೆ. ಆ ಕಾಲದ ಹಾಡುಗಳಲ್ಲಿ ಯಾವುದು ಎಲ್ಲಕ್ಕಿಂತ ಮೇಲೆ? ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾವು ಜಗಳವಾಡಿದ್ದು ಇದಕ್ಕೆ. ರೊಟ್ಟಿ ಬಡಿಯುತ್ತಾ, ಅಕ್ಕಿ ಆರಿಸುತ್ತಾ, ಹಸುಗೂಸುಗಳನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತಾ ಜಗಳವಾಡಿದ್ದೇವೆ.

"ಹನ್ನೊಂದು ವಾರ ಮ್ಯಾಲಿತ್ತು ನನ್ನ ಹಾಡು," ಅನ್ನುತ್ತಿದ್ದಳು.

"ಹೋದ ಸಲ ಒಂಬತ್ತು ಅಂದಿದ್ದಿ."

"ಅವಾಗ ನಿನ್ನ ಮ್ಯಾಲ ಕರುಣಾ ಇತ್ತು, ಎರಡು ಬಿಟ್ಟು ಹೇಳಿದ್ದೆ. ನಿಮ್ಮೂರಾಗ ಕರೆಂಟರ ಇತ್ತೇನು ಅವಾಗ?"

ನಾನು ಹೊಲಿಗೆ ಶುರು ಮಾಡಿದ ಮೇಲೆ ಜಗಳ ಆ ಕೋಣೆಗೆ ಬಂತು. ಅಳತೆ ಕೊಡಲು ಬಂದವರೆಲ್ಲ ಪಕ್ಷ ಹಿಡಿಯತೊಡಗಿದರು. ಫೋನು ಬಂದ ಮೇಲೆ ಹಾಡು ಹಚ್ಚಿಯೇ ವಾದ. ನನ್ನ ವಯಸ್ಸಿನ ಹೆಂಗಸರು ಅರ್ಧ ತಾಸು ಮನೆ ಮರೆತು ಕೂರುತ್ತಿದ್ದರು. ತೀರ್ಪು ಒಮ್ಮೆಯೂ ಆಗಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಬಳೆ ಅಂಗಡಿಯವಳೇ ಫೋನಿನಲ್ಲಿ ದೋಣಿ ಹಾಡು ಹಚ್ಚಿದಳು. ಅದು ಹಳೆಯದಲ್ಲ. ಈಗಿನವರು ಯಾರೋ ಮತ್ತೆ ಹಾಡಿದ್ದು, ಹೆಣ್ಣುದನಿ, ತೀರ ನಿಧಾನ. ಪರದೆಯ ಮೇಲೆ ಮಾತ್ರ ಹಳೆಯ ದೋಣಿಯ ಚಿತ್ರವೇ ಇತ್ತು. ಎಲ್ಲರೂ ಮುಖ ಕಿವುಚಿದರು. ಅಕ್ಕ ಪರದೆ ನೋಡುತ್ತಾ ತಲೆದೂಗಿದಳು. ಅವಳ ತಲೆ ಹಾಡಿಗಿಂತ ಬೇಗ ಬೇಗ ತೂಗುತ್ತಿತ್ತು. ಆಮೇಲೆ ಅಂದಳು: "ಈ ಗಂಡುದನಿ ಮುಂದ ನಿಮ್ಮ ಕಾಗದ, ಬೆಂಕಿ, ಒಲಿ ಯಾವ ಲೆಕ್ಕಬೇ?"

ಕೋಣೆಯೆಲ್ಲ ನಕ್ಕಿತು. ಚೇಷ್ಟೆ ಮಾಡಿದಳು ಅಂದುಕೊಂಡರು. ಅವಳು ಒಂದು ಗಳಿಗೆ ತಡೆದು, ಎಲ್ಲರ ಮುಖ ನೋಡಿ, ನಕ್ಕಳು. ನನಗೆ ನಗು ಬರಲಿಲ್ಲ.

ಸಂಜೆ ಅವಳು ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನಾನು ಹಿಂದೆ ನಿಂತು "ಅಕ್ಕಾ" ಅಂದೆ. ತಿರುಗಲಿಲ್ಲ. ಇನ್ನೊಮ್ಮೆ ಅಂದೆ. ಮೂರನೆಯ ಸಲ ಕೂಗಿಯೇ ಕರೆದೆ. ಅವಳು ಸೀರೆಯೊಂದನ್ನು ಮಡಚಿ ಹೆಗಲಿಗೆ ಹಾಕಿಕೊಂಡು ತಿರುಗಿದವಳು ನನ್ನನ್ನು ಕಂಡು ಬೆಚ್ಚಿದಳು.

"ಎಷ್ಟು ಸಲ ಕರದಿ?"

ಮೂರು ಬೆರಳು ತೋರಿಸಿದೆ.

ಅಲ್ಲೇ ನೀರಿನ ಟಾಕಿಯ ಕಟ್ಟೆಯ ಮೇಲೆ ಕೂತಳು. ಎರಡು ವರ್ಷದಿಂದ ಹೀಗೆ ಅಂತ ಹೇಳಿದಳು. ಮೊದಲು ಹಕ್ಕಿಗಳ ದನಿ ಹೋಯಿತಂತೆ, ಆಮೇಲೆ ಮಕ್ಕಳದು. ಎದುರು ನಿಂತು ಆಡಿದರೆ ಬಾಯಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಹಾಡಿನ ಜಗಳಕ್ಕೆ ಅದೂ ಬೇಕಿರಲಿಲ್ಲ. ನಾವು ಏನು ಹೇಳುತ್ತೇವೆ ಅನ್ನುವುದು ಅವಳಿಗೆ ಇಪ್ಪತ್ತು ವರ್ಷದಿಂದ ಗೊತ್ತು. ಹಾಡಂತೂ ತಲೆಯಲ್ಲೇ ಇತ್ತು.

"ಭಾವಗ ಹೇಳೋಣ," ಅಂದೆ.

"ಯಾರಿಗೂ ಹೇಳಬ್ಯಾಡ. ಅತ್ತೀನ ನೋಡಿದ್ದಿಲ್ಲೇನು ನೀ?"

ನಮ್ಮ ಅತ್ತೆ ಕೊನೆಯ ವರ್ಷಗಳಲ್ಲಿ ಕಿವುಡಾಗಿದ್ದರು. ಮನೆಯಲ್ಲಿ ಎಲ್ಲರೂ, ನಾವಿಬ್ಬರೂ ಸೇರಿ, ಬೆನ್ನ ಹಿಂದೆ ಕೆಪ್ಪಿ ಅನ್ನುತ್ತಿದ್ದೆವು. ಅವರ ಮುಂದೆಯೇ ಅಂದರೂ ಕೇಳುತ್ತಿರಲಿಲ್ಲವಲ್ಲ, ಅದಕ್ಕೆ ಮುಂದೆಯೂ ಅನ್ನುತ್ತಿದ್ದೆವು.

"ಕೆಪ್ಪಿಗೆ ಯಾರೂ ಮಾತು ಹೇಳಂಗಿಲ್ಲ ತಂಗಿ. ಕೆಲಸ ಅಷ್ಟ ಹೇಳ್ತಾರ. ನನ್ನ ತಲಿ ಮುಟ್ಟಿ ಹೇಳು."

ಮುಟ್ಟಿ ಹೇಳಿದೆ. ಅವಳ ಕೂದಲು ಬಿಸಿಲಿಗೆ ಕಾದಿತ್ತು.

ಆಮೇಲೆ ನಾನು ಬಾಯಿಬಡುಕಿಯಾದೆ. ಯಾರು ಏನಂದರೂ ಅಕ್ಕನ ಕಡೆ ತಿರುಗಿ ಅದನ್ನೇ ಮತ್ತೆ ಹೇಳುತ್ತಿದ್ದೆ, ಚುಚ್ಚುವವಳಂತೆ, ಕೆಣಕುವವಳಂತೆ. ಅಂಗನವಾಡಿಯ ಆಯಾಗೆ ಮಾತ್ರ ಏನೋ ಅನುಮಾನ ಇದ್ದಿರಬೇಕು. ಮಕ್ಕಳು ಅತ್ತರೆ ಅವಳೇ ಓಡಿ ಬರುತ್ತಿದ್ದಳಂತೆ. ಅವಳು ಬಾಯಿ ಬಿಟ್ಟು ಏನೂ ಕೇಳಲಿಲ್ಲ.

ಒಂದು ದಿನ ಲೈನಿಂಗ್ ಬಟ್ಟೆ ತರುವ ನೆಪ ಮಾಡಿ ಅವಳನ್ನು ಕೊಪ್ಪಳಕ್ಕೆ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, ಕಿವಿಗೆ ಮಷೀನು ಹಾಕಿದರೆ ಕೇಳುತ್ತದೆ ಅಂದರು. ಒಂದನ್ನು ಕಿವಿಗೆ ಸಿಗಿಸಿ, ಸ್ವಲ್ಪ ಹೊತ್ತು ಹೊರಗೆ ಕೂತು ನೋಡಿರಿ ಅಂದರು. ಹೊರಗೆ ಬೆಂಚಿನ ಮೇಲೆ ಕೂತೆವು. ಫ್ಯಾನಿನ ಸದ್ದಿಗೆ, ಯಾರೋ ಚಪ್ಪಲಿ ಎಳೆದ ಸದ್ದಿಗೆ ಅವಳು ಬೆಚ್ಚಿ ಬೆಚ್ಚಿ ನೋಡಿದಳು. ಆಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು, "ಹಚ್ಚು," ಅಂದಳು. ಯಾವುದು ಅಂತ ಕೇಳಲಿಲ್ಲ. ಹಳೆಯ ದೋಣಿ ಹಾಡನ್ನೇ ಹುಡುಕಿ ಹಚ್ಚಿದೆ.

ಪಲ್ಲವಿ ಮುಗಿಯುವ ಮೊದಲೇ ಮಷೀನು ಕಿತ್ತು ಕೈಯಲ್ಲಿ ಹಿಡಿದುಕೊಂಡಳು.

"ತಗಡಿನ ಡಬ್ಬಿಯೊಳಗ ಕುಂತು ಒದರಿದಂಗ ಕೇಳಸ್ತೈತಿ. ಇದಲ್ಲ ನನ್ನ ಹಾಡು."

ಒಂದು ತಿಂಗಳು ಹಾಕಿಕೊಂಡರೆ ರೂಢಿಯಾಗುತ್ತದೆ, ಹಾಡಿಗಿಂತ ಮಾತು ಚೆನ್ನಾಗಿ ಕೇಳುತ್ತದೆ ಅಂತ ಡಾಕ್ಟರು ಸಮಾಧಾನವಾಗಿ ಹೇಳಿದರು. ಅವಳು ಹೂಂ ಅಂತ ತಲೆಯಾಡಿಸಿ ಮಷೀನನ್ನು ಅವರ ಕೈಗೇ ಕೊಟ್ಟಳು. ಹೊರಗೆ ಬಂದ ಮೇಲೆ ನನಗೆ ಹೇಳಿದಳು, "ಅದನ್ನ ಹಾಕ್ಕೊಂಡ್ರ ಒಳಗ ಇದ್ದದ್ದೂ ಕೆಡತೈತಿ. ಮುಂದ ನೋಡೋಣ ತಗೋ."

ನಾನು ಹಟ ಹಿಡಿಯಬೇಕಿತ್ತು. ಹಾಡು ಹಾಳಾದರೆ ಹಾಳಾಗಲಿ, ರಸ್ತೆಯ ಸದ್ದು ಕೇಳಬೇಕು ಅನ್ನಬೇಕಿತ್ತು. ಅದು ನನಗೆ ಹೊಳೆಯಲೇ ಇಲ್ಲ. "ಹಂಗಾರ ನನ್ನ ಹಾಡು ಗೆದ್ದಂಗ ಆತು," ಅಂತ ನಗಿಸಿದೆ. ನಗುತ್ತಾ ಬಸ್ಸು ಹತ್ತಿದೆವು. ಲೈನಿಂಗ್ ಬಟ್ಟೆ ತರುವುದನ್ನೂ ಮರೆತಿದ್ದೆವು.

ಆ ಗುರುವಾರ ಅಂಗನವಾಡಿಯ ತಿರುವಿನಲ್ಲಿ ನೀರಿನ ಕ್ಯಾನು ತರುವ ಗಾಡಿ ಹಿಂದಕ್ಕೆ ಬರುತ್ತಿತ್ತು. ಅಕ್ಕ ಅದಕ್ಕೆ ಬೆನ್ನು ಮಾಡಿ, ಟ್ರೇ ಹಿಡಿದುಕೊಂಡು ನಡೆಯುತ್ತಿದ್ದಳು. ಗಾಡಿ ಅವಳಿಗೆ ಗುದ್ದಿತು. ಗಾಡಿಯವನು ಹೆಂಡತಿ ಮಕ್ಕಳಿದ್ದವನು. ಅವನ ಕೂಸು ಅಕ್ಕನ ಅಂಗನವಾಡಿಗೇ ಬರುತ್ತಿತ್ತು. ಜನ ಅವನನ್ನು ಹಿಡಿದು ಹೊಡೆದರು. ಅವನು ಅಳುತ್ತಾ ಹೇಳಿದ್ದು ಒಂದೇ ಮಾತು: "ಹಾರ್ನ್ ಹೊಡದೀನ್ರೀ. ಟೀಚರ್ರ, ಸರೀರಿ ಅಂತ ಒದರೀನ್ರೀ. ಸರಿತಾರ ಅಂತ ಬಂದೆ."

ಅವನದೂ ತಪ್ಪಿತ್ತು. ಅವಳು ಸರಿಯುವುದನ್ನು ನೋಡಿಕೊಂಡು ಬರಬೇಕಿತ್ತು. ಆದರೆ ಹಾರ್ನ್ ಹೊಡೆದಿಲ್ಲ, ಫೋನಿನಲ್ಲಿ ಮಾತಾಡುತ್ತಿದ್ದ ಅಂತ ಊರೆಲ್ಲ ಆಡಿಕೊಂಡಿತು. ಠಾಣೆಯಲ್ಲೂ ಹಾಗೇ ಬರೆಸಿದರು. ಮಣ್ಣು ಮಾಡಿ ಬಂದ ದಿನ ಭಾವ ಅಂಗಳದಲ್ಲಿ ನಿಂತು ಎಲ್ಲರ ಮುಂದೆ ಹೇಳಿದರು: "ಹಾರ್ನ್ ಹೊಡದಿದ್ರ ಸರೀತಿದ್ದಿಲ್ಲೇನು? ಆಕಿ ಏನ್ ಕೆಪ್ಪಿದ್ಲೇನು?"

ನಾನು ಬಾಗಿಲ ಹಿಂದೆ ನಿಂತಿದ್ದೆ.

ಎಂಟು ದಿನ ಸುಮ್ಮನಿದ್ದೆ. ಅವಳ ತಲೆ ಮುಟ್ಟಿದ ಕೈಯಿಂದಲೇ ಉಣ್ಣುತ್ತಿದ್ದೆ. ಮಾತು ಉಳಿಸಿಕೊಂಡರೆ ಅವನು ಸುಳ್ಳನಾಗಿ ಜೈಲಿಗೆ ಹೋಗುತ್ತಾನೆ. ಹೇಳಿದರೆ ಅವಳು ಯಾವುದನ್ನು ಮುಚ್ಚಿಟ್ಟಿದ್ದಳೋ ಅದೇ ಊರ ಬಾಯಿಗೆ ಬೀಳುತ್ತದೆ. ಒಂಬತ್ತನೆಯ ದಿನ ಗಾಡಿಯವನ ಹೆಂಡತಿ ಕೂಸನ್ನು ಎತ್ತಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂತಳು. ಯಾರೂ ಮಾತಾಡಿಸಲಿಲ್ಲ. ಬಿಸಿಲೇರಿದ ಮೇಲೆ ಎದ್ದು ಹೋದಳು.

ಭಾವನ ಎದುರು ನಿಂತು ನಾನು ಮಾತಾಡಿದ್ದೇ ಕಡಿಮೆ. ಅವತ್ತು ಹೋಗಿ ನಿಂತೆ. ಮಾಳಿಗೆ, ಕೊಪ್ಪಳ, ಕಿವಿಯ ಮಷೀನು, ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಗೋಡೆ ಹಿಡಿದು ಕೂತರು.

"ನಾ ಕರದರ ಓ ಅಂತಿದ್ದಿಲ್ಲ ಆಕಿ," ಅಂದರು. "ಹೊಲದಿಂದ ಬಂದು ಏನರ ಹೇಳಾಕ ಹೋದರ ಎದ್ದು ಹೋಗಿಬಿಡ್ತಿದ್ಲು. ಸಿಟ್ಟಾಗ್ಯಾಳ ಅನ್ಕೊಂಡೆ. ಯಾತಕ್ಕ ಸಿಟ್ಟು ಅಂತ ಕೇಳಲಿಲ್ಲ. ನಾನೂ ಮಾತು ಬಿಟ್ಟೆ."

ಮರುದಿನ ಇಬ್ಬರೂ ಠಾಣೆಗೆ ಹೋಗಿ ಇದ್ದದ್ದನ್ನು ಬರೆಸಿ ಬಂದೆವು. ಸತ್ತವಳ ಮೇಲೆ ತಪ್ಪು ಹಾಕಿದಳು ಅಂತ ನನ್ನನ್ನು ಅಂದವರಿದ್ದಾರೆ. ಬಳೆ ಅಂಗಡಿಯವಳು ಮೊದಲು ಬಹಳ ಅತ್ತಳು. "ಅಷ್ಟು ದಿನ ನನ್ನ ಬಾಯಿ ನೋಡಿಕೋತ ಜಗಳಾಡಿದ್ಲೇನು? ಅದಕ್ಕ ಅಷ್ಟು ಸಮೀಪ ಬಂದು ನಿಂದರ್ತಿದ್ಲೇನು?" ಅಂದಳು. ಈಗಲೂ ಬರುತ್ತಾಳೆ. ಹುಕ್ಕು ಹಚ್ಚಿಸಿಕೊಂಡು ಹೋಗುತ್ತಾಳೆ. ಹೆಂಗಸರು ಹಾಡಿನ ಮಾತು ತೆಗೆದರೂ, ಕಾಗದ ಸುಡುವ ಹಾಡೇ ಛಲೋ ಬಿಡ್ರಿ ಅಂತ ಒಪ್ಪಿಕೊಂಡುಬಿಡುತ್ತಾರೆ. ನನ್ನ ಮೇಲಿನ ಕನಿಕರಕ್ಕೆ.

ಭಾನುವಾರ ಸಂಜೆ ಭಾವ ಅಂಗಳ ದಾಟಿ ಬಂದು ಹೊಲಿಗೆ ಕೋಣೆಯಲ್ಲಿ ಕೂರುತ್ತಾರೆ. "ಆ ಹಾಡು ಹಚ್ಚವ್ವಾ," ಅನ್ನುತ್ತಾರೆ. ಹಿಂದಿ ಅವರಿಗೆ ತಿಳಿಯುವುದಿಲ್ಲ. ಮುಗಿಯುವ ತನಕ ತಲೆ ತಗ್ಗಿಸಿ ಕೇಳಿ, "ಇದಕ್ಕ ಆಕಿ ಏನಂತಿದ್ಲು?" ಅನ್ನುತ್ತಾರೆ. ಹೇಳುತ್ತೇನೆ. ನೀ ಏನಂತಿದ್ದಿ ಅನ್ನುತ್ತಾರೆ. ಅದನ್ನೂ ಹೇಳುತ್ತೇನೆ.

ಹೋದ ವಾರ ಕೇಳಿದರು, "ನನ್ನ ಬಗ್ಗೆ ಏನರ ಅಂತಿದ್ಲೇನು?"

ಮತ್ತೆ ಮುಚ್ಚಿಡುವುದು ನನ್ನಿಂದಾಗಲಿಲ್ಲ. ಒಂದು ಸಲ ಅಂದಿದ್ದಳು: "ಈಗೀಗ ನಿನ್ನ ಭಾವ ನನ್ನ ಕೂಡ ಮಾತಾಡಂಗಿಲ್ಲ. ಬರೇ ಕೆಲಸ ಹೇಳ್ತಾರ." ಅದನ್ನು ಹಾಗೇ ಹೇಳಿದೆ.

ಭಾವ ಎದ್ದು ಹೋದರು. ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿಸಲು ನನಗೆ ಒಂದು ವರ್ಷ ಸಮಯವಿತ್ತು, ಅಂಗಳ ದಾಟಿದರೆ ಸಾಕಿತ್ತು. ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದರು, ಒಬ್ಬರಿಗೊಬ್ಬರು ಬಡಿಸಿಕೊಂಡು ಉಂಡರು. ಆ ಒಂದು ವರ್ಷದ ಮಾತು ಅವರ ನಡುವೆ ಆಗಲೇ ಇಲ್ಲ.