ನಾಯಕರ ಕೋಟಿನ ಗುಂಡಿ

ಸಿನಿಮಾಗಳಿಗೆ ಉಡುಪು ಹೊಲಿಯುವ ಟೈಲರಮ್ಮನ ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಹಿಂದಿನ ಕಾಲದ ದೊಡ್ಡ ನಾಯಕರೊಬ್ಬರ ದಾಂಪತ್ಯದ ಚಿತ್ರದಲ್ಲಿ, ಭಾಷಣಕ್ಕೆ ಹೊರಟ ಗಂಡನ ಕೋಟಿಗೆ ಹೆಂಡತಿ ಕಿತ್ತ ಗುಂಡಿ ಹೊಲಿಯುವ ದೃಶ್ಯವಿತ್ತು. ನಟಿಗೋ ಸೂಜಿ ಹಿಡಿಯಲೇ ಬರುತ್ತಿರಲಿಲ್ಲ. ಹಾಗಾಗಿ ಟೈಲರಮ್ಮನ ಕೈಗಳನ್ನಷ್ಟೇ ತೋರಿಸುವುದೆಂದಾಯಿತು. ಗುಂಡಿ ಕೂತದ್ದೇ ತಡ, ಅವಳು ಅಭ್ಯಾಸಬಲದಿಂದ ನಾಯಕರ ಪಾತ್ರಧಾರಿಯ ಎದೆಗೆ ಬಗ್ಗಿ ಹಲ್ಲಿನಿಂದ ದಾರ ಕಡಿದುಬಿಟ್ಟಳು! ಮುಖ ಕಾಣಲಿಲ್ಲ, ತುರುಬು ಕಂಡಿತು. ನಿರ್ದೇಶಕರು "ಇದೇ ಇರಲಿ" ಎಂದರು.

ಚಿತ್ರ ಬಂದಾಗ ಟೈಲರಮ್ಮ ತನ್ನ ಗಂಡನನ್ನು ಕರೆದುಕೊಂಡು ಹೋದಳು. ಇಸ್ತ್ರಿ ಅಂಗಡಿಯ ಆ ಮನುಷ್ಯ ತುರುಬು ಕಂಡಕೂಡಲೇ ಗುರುತು ಹಿಡಿದ. ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಬಂದ.

"ಅಲ್ಲ ಕಣೇ, ನನ್ನ ಅಂಗಿಗಾದ್ರೆ ಕತ್ತರಿ, ಆ ನಾಯಕರಿಗೆ ಹಲ್ಲಾ?"

"ಮದ್ವೆಯಾದ ಹೊಸದ್ರಲ್ಲಿ ನಿಮ್ಗೂ ಹಲ್ಲೇ ಇತ್ತಲ್ರೀ. ಕಚಗುಳಿ ಆಗತ್ತೆ, ಬೇಡ ಅಂದೋರು ಯಾರು?"



ಮರುದಿನ ಬೆಳಿಗ್ಗೆ ಅಂಗಿ ತೊಟ್ಟು ಎದುರಿಗೆ ಬಂದು ನಿಂತ. "ಗುಂಡಿ ತಾನಾಗೇ ಬಿದ್ದೋಯ್ತು ಕಣೇ."

ಅಂಗೈಯಲ್ಲಿದ್ದ ಗುಂಡಿಯ ಜೊತೆ ಅಂಗಿಯ ಚೂರೂ ಕಿತ್ತು ಬಂದಿತ್ತು. ಅವಳು ನಗು ನುಂಗಿಕೊಂಡು ಗುಂಡಿ ಹೊಲಿದಳು. ಕತ್ತರಿ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಅವಳು ಬಗ್ಗಿದಾಗ ಅವನು ಕಚಗುಳಿ ತಡೆಯಲು ಉಸಿರು ಬಿಗಿಹಿಡಿದು ನಿಂತ.