ಅಂಬಲಿಯ ಕೊನೆಯ ಲೋಟ

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಮಡಕಶಿರದ ಮೈದಾನದಲ್ಲಿ ನಿವೃತ್ತ ಸುಬೇದಾರರು, ಸೈನ್ಯಕ್ಕೆ ಸೇರಲು ಅವರಲ್ಲಿ ತರಬೇತಿ ಪಡೆಯುತ್ತಿದ್ದ ಹುಡುಗ ಹುಡುಗಿಯರು, ಹಳೆಯ ಡ್ರಿಲ್ ಮೇಷ್ಟ್ರಾದ ನಾನು ಮತ್ತು ಒಬ್ಬ ಅಧಿಕಾರಿ ಇದ್ದೆವು. ತರಬೇತಿಗೆ ಮೈದಾನ ಕೊಡುವುದೋ ಬೇಡವೋ ಎಂದು ಅಧಿಕಾರಿ ಅಂದೇ ಹೇಳಬೇಕಿತ್ತು.

ಗಡಿಯಲ್ಲಿ ಪಡೆ ನಡೆಸಿದ್ದ ಸುಬೇದಾರರು ಓಟದಲ್ಲಿ ಎಲ್ಲರ ಹಿಂದೆ ಓಡುವರು. ಆಮೇಲೆ ಎಲ್ಲರಿಗೂ ರಾಗಿ ಅಂಬಲಿ ಕೊಟ್ಟು, ಕೊನೆಗೆ ತಾವು ಕುಡಿದು, ಪಾತ್ರೆಯನ್ನೂ ತಾವೇ ತೊಳೆಯುವರು. ಯಾಕೆಂದು ಕೇಳಿದರೆ ಮೀಸೆ ಒರೆಸಿಕೊಂಡು, "ನಡೆಸೋನು ಕಡೇಗೆ ಕಣಪ್ಪಾ" ಎನ್ನುವರು.

ಅಂದು ಹುಡುಗಿಯೊಬ್ಬಳು ಮೊದಲ ಲೋಟವನ್ನು ಅಧಿಕಾರಿಗೆ ನೀಡಿದಳು. ಸುಬೇದಾರರು ಕೈ ಅಡ್ಡ ಹಿಡಿದರು.

"ತಡೀರಿ ಸಾರ್, ಇಲ್ಲಿ ನಡೆಸೋರು ಕಡೇಗೆ."

ಮೈದಾನ ಕೈತಪ್ಪಿತು ಎಂದುಕೊಂಡೆ.

"ನಡೆಸೋರು ನೀವಲ್ವಾ?" ಎಂದರು ಅಧಿಕಾರಿ.

"ಇವತ್ತು ನಡೆಸೋದು, ನಿಲ್ಸೋದು ಎರಡೂ ನಿಮ್ ಕೈಯಾಗೈತೆ."

ಅಧಿಕಾರಿ ನಕ್ಕು ಸಾಲಿನ ಕೊನೆಗೆ ಹೋಗಿ ನಿಂತರು. ತಳದ ಅಂಬಲಿ ಕುಡಿದು, "ನಾಳೆಯಿಂದ ಮೈದಾನ ನಿಮ್ದೇ" ಎಂದರು. ಮಕ್ಕಳ ಕೇಕೆ ಕೋಟೆ ಬೆಟ್ಟಕ್ಕೆ ಬಡಿದು ಮರಳಿತು.

ಸುಬೇದಾರರು ತೆಂಗಿನ ನಾರು ಮುಂದೆ ಹಿಡಿದರು. "ಇನ್ನೊಂದು ಕೆಲ್ಸ ಐತೆ ಸಾರ್."

ಅಧಿಕಾರಿ ಅಂಗಿಯ ತೋಳು ಮಡಚಿ ಪಾತ್ರೆ ತೊಳೆದು, ಕಲ್ಲಿನ ಮೇಲೆ ಬೋರಲು ಹಾಕಿದರು.