ಪಂಚೆಯಲ್ಲಿ ಮೊಳಕೆ

ಗಂಡ ತೀರಿಕೊಂಡ ಮೇಲೆ ನನಗೆ ಅಳು ಬರಲಿಲ್ಲ. ಮಾತಾಡಿಸಲು ಬಂದವರು ನನ್ನ ಮುಖವನ್ನೇ ನೋಡುತ್ತ ಕೂತರು, ಕಾಫಿ ಕುಡಿದು ಹೋದರು. ಬರದ ಅಳುವನ್ನು ಎಲ್ಲಿಂದ ತರಲಿ? ಒಳಗೆಲ್ಲ ಮರಗಟ್ಟಿಹೋಗಿತ್ತು. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬುದೂ ನಾಲಿಗೆಗೆ ತಿಳಿಯುತ್ತಿರಲಿಲ್ಲ.

ಅಜ್ಜಂಪುರದ ಮನೆಯಲ್ಲಿ ಈಗ ನಾನು, ಅತ್ತೆ ಇಬ್ಬರೇ. ಅತ್ತೆ ಮಗನ ಬಟ್ಟೆಗಳನ್ನೆಲ್ಲ ಮೂಟೆ ಕಟ್ಟಿದರು.

"ಸೋಮವಾರ ಮಠಕ್ಕೆ ಕೊಟ್ಟು ಬತ್ತೀನಿ. ಕಣ್ಣೆದುರಿಗಿದ್ರೆ ಹಿಂಸೆ ಕಣೇ."

ನಾನು ಮೂಟೆಯಿಂದ ಒಂದು ಬಿಳಿ ಪಂಚೆ ಎಳೆದುಕೊಂಡೆ. ಅದೊಂದು ನನಗೆ ಬೇಕೇ ಬೇಕಿತ್ತು. ಬಣ್ಣ ಹಾಕಿದರೆ ಹೊದೆಯಲಾದರೂ ಆದೀತು ಎಂದೆ.

"ಸೋಮವಾರದೊಳ್ಗೆ ಮಾಡ್ಕೋ. ಇಲ್ದಿದ್ರೆ ಅದೂ ಹೋಗುತ್ತೆ" ಎಂದರು ಅತ್ತೆ.

ಹಿಂದೆ ತರೀಕೆರೆಯಲ್ಲಿ ಹೆಂಗಸರ ತರಬೇತಿಯೊಂದರಲ್ಲಿ ಜಪಾನಿನವರ ಶಿಬೋರಿ ಕಲಿತಿದ್ದೆ. ಬಟ್ಟೆಯೊಳಗೆ ಸಣ್ಣ ಕಲ್ಲಿಟ್ಟು, ದಾರದಿಂದ ಬಿಗಿದು, ಬಣ್ಣದಲ್ಲಿ ಮುಳುಗಿಸುವುದು. ಬಿಗಿದ ಕಡೆ ಬಣ್ಣ ಹತ್ತದೆ ಬಿಳಿ ಉಂಗುರ ಉಳಿಯುತ್ತದೆ. ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದರೆ ನಮ್ಮ ಯಜಮಾನರು, "ಅಲ್ಲಾ ಕಣೇ, ಗಂಟು ಹಾಕೋದು ಬಿಚ್ಚೋದು, ಇದೂ ಒಂದು ಕೆಲ್ಸಾನಾ? ದನದ ಹಗ್ಗ ತಂದ್ಕೊಡ್ಲಾ?" ಎಂದು ಕಾಡುತ್ತಿದ್ದರು.

ಕಲ್ಲು ಆರಿಸಲು ಹಿತ್ತಿಲಿಗೆ ಹೋಗುವಷ್ಟೂ ಮನಸ್ಸಿರಲಿಲ್ಲ. ಕೈಗೆ ಸಿಕ್ಕಿದ ಡಬ್ಬಿಯಿಂದ ಹೆಸರುಕಾಳು ತೆಗೆದು, ಗಂಟಿಗಿಷ್ಟು ಇಟ್ಟು ಬಿಗಿದೆ. ಬಣ್ಣಕ್ಕೆ ಮೊದಲು ಬಟ್ಟೆ ನೆನೆಯಬೇಕಲ್ಲ, ನೆನೆಸಿ ಹಿಂಡಿ ಬುಟ್ಟಿಯಲ್ಲಿಟ್ಟೆ. ಆಮೇಲೆ ಚೊಗರು ತರಲು ತರೀಕೆರೆಯ ತವರಿಗೆ ಬಸ್ಸು ಹತ್ತಿದೆ. ಚೊಗರೆಂದರೆ ಅಡಿಕೆ ಬೇಯಿಸಿದ ಕೆಂಪು ನೀರು. ತವರಿನವರು ಬಿಡದೆ ಎರಡು ದಿನ ಉಳಿಸಿಕೊಂಡರು. ಎಲ್ಲಿದ್ದರೂ ಒಂದೇ ಎಂದು ಉಳಿದೆ.

ಭಾನುವಾರ ಬಂದಾಗ ಅತ್ತೆ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

"ಅಯ್ಯೋ ನಿನ್ನ! ನನ್ ಮಗನ ಪಂಚೇಲಿ ಮೊಳ್ಕೆ ಕಟ್ಟಿದ್ದೀಯಲ್ಲೇ!"

ಕಾಳುಗಳು ಊದಿ ದಾರ ಕಿತ್ತುಕೊಂಡಿದ್ದವು. ತೆಳು ನೇಯ್ಗೆಯನ್ನು ತೂರಿ ಬಿಳಿ ಮೊಳಕೆಗಳು ಹೊರಬಂದಿದ್ದವು. ಒದ್ದೆ ಬಟ್ಟೆಯಲ್ಲಿ ಕಾಳು ಕಟ್ಟಿದರೆ ಏನಾಗುತ್ತದೆ ಎಂದು ಅಡುಗೆಮನೆ ಕಂಡ ಯಾರಿಗೆ ಗೊತ್ತಿಲ್ಲ? ನನ್ನ ತಲೆಗೆ ಮಂಕು ಕವಿದಿತ್ತು. ಅತ್ತೆ ನಗತೊಡಗಿದರು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ನಗುವೂ ಬರಲಿಲ್ಲ.

"ಉಸ್ಲಿ ಅಂದ್ರೆ ಪ್ರಾಣ ಬಿಡ್ತಿದ್ದ" ಎನ್ನುತ್ತ ಅವರು ಮೊಳಕೆಗಳನ್ನು ಬಿಡಿಸಿ ಒಗ್ಗರಣೆ ಹಾಕಿದರು. ಇಬ್ಬರೂ ತಿಂದೆವು. ಆಮೇಲೆ ಅವರೇ ಹಿತ್ತಿಲಿಗೆ ಹೋಗಿ ಮಡಿಲ ತುಂಬ ಕಲ್ಲು ಆರಿಸಿ ತಂದರು. ಒಟ್ಟಿಗೆ ಕೂತು ಮತ್ತೆ ಗಂಟು ಹಾಕಿ, ಪಂಚೆಯನ್ನು ಚೊಗರಿನಲ್ಲಿ ಕುದಿಸಿದೆವು.

ಸೋಮವಾರ ಬೆಳಿಗ್ಗೆ ಗಂಟು ಬಿಚ್ಚಿ ಒಣಹಾಕಿದೆ. ಕಂದುಗೆಂಪು ಬಣ್ಣ, ಅಲ್ಲಲ್ಲಿ ಸೊಟ್ಟ ಉಂಗುರಗಳು, ಮೊಳಕೆ ತೂರಿದ ಕಡೆ ಸಣ್ಣ ತೂತುಗಳು. ಚೆನ್ನಾಗೇ ಬಂದಿತ್ತು. ಒಣಗಿದ ಮೇಲೆ ತಂತಿಯಿಂದ ಎಳೆದು ಹೊದ್ದುಕೊಂಡವರು ಅತ್ತೆ.

"ಇದು ನಂಗಿರ್ಲಿ ಕಣೇ. ಹೆತ್ತೋಳು ನಾನು."

ಸರ್ರನೆ ಸಿಟ್ಟು ಬಂತು. ಗಂಡ ಹೋದ ಮೇಲೆ ನನಗೆ ಮೊದಲು ಬಂದದ್ದು ಆ ಸಿಟ್ಟೇ.

"ಬಾಳ್ದೋಳು ನಾನು! ಕೊಡಿ ಇಲ್ಲಿ!" ಎಂದು ಕಿರುಚಿದೆ. ಅತ್ತೆಯೆದುರು ಎಂದೂ ದನಿಯೆತ್ತಿದವಳಲ್ಲ.

ಅತ್ತೆ ನನ್ನನ್ನು ನೋಡಿದರು. ಪಂಚೆಯನ್ನು ಹೆಗಲಿನಿಂದ ಇಳಿಸಿ, ನಡುವಿಗೆ ಮಡಚಿ, ಅಂಚನ್ನು ಹಲ್ಲಿನಿಂದ ಕಚ್ಚಿ ಎಳೆದರು. ಅದು ಪರ್ರನೆ ಎರಡು ಪಾಲಾಗಿ ಹರಿಯಿತು. ಆ ಸದ್ದಿಗೆ ನನಗೆ ಅಳು ಬಂತು.